180 ದಿನ, 1000 ರೂಪಾಯಿ

2023ರ ಡಿಸೆಂಬರ್ 18ರಂದು ರಾಷ್ಟ್ರೀಯ ತನಿಖಾ ದಳ ನಾಲ್ಕು ರಾಜ್ಯಗಳಲ್ಲಿ ದಾಳಿ ಮಾಡಿ ಎಂಟು ಜನರನ್ನು ಬಂಧಿಸಿತು. ಪ್ರಕರಣಕ್ಕೆ ಬಿದ್ದ ಹೆಸರು ‘ಬಳ್ಳಾರಿ ಮಾಡ್ಯೂಲ್’. ಗಂಧಕ, ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಮದ್ದಿನಪುಡಿ ಸಿಕ್ಕವೆಂದು ದಳ ಹೇಳಿತು. ಮೂರು ತಿಂಗಳು ಕಳೆಯುವುದರೊಳಗೆ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು; ಶಂಕಿತನ ಜಾಡು ಬಳ್ಳಾರಿ ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಕಾಣಿಸಿತು. ಹಂಪಿಯ ಜನಜಂಗುಳಿ, ತುಂಗಭದ್ರಾ ಅಣೆಕಟ್ಟು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸ್ಫೋಟಕವೇ ದಿನಬಳಕೆಯ ಸರಕಾಗಿರುವ ಸಂಡೂರಿನ ಗಣಿಗಳು, ಇವುಗಳ ನಡುವೆ ಬಾಳುವ ಹೊಸಪೇಟೆಯವರಿಗೆ ಭದ್ರತೆ ದಿಲ್ಲಿಯ ಭಾಷಣದ ವಿಷಯವಾಗಿ ಉಳಿದಿಲ್ಲ. ಬಂಧನದ ಸುದ್ದಿ ಓದಿ ಸಮಾಧಾನಪಟ್ಟವರಲ್ಲಿ ನಾನೂ ಒಬ್ಬ. ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ಹೇಳಬೇಕು.

ಹೀಗಾಗಿ ಇಂಥ ಪ್ರಕರಣಗಳಿಗೆ ಬಳಸುವ ಕಾನೂನುಬಾಹಿರ ಚಟುವಟಿಕೆ ತಡೆ (ಯುಎಪಿಎ) ಕಾಯ್ದೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಹಿಡಿಯುವ ಅಧಿಕಾರವನ್ನು ಇಷ್ಟು ಧಾರಾಳವಾಗಿ ಕೊಟ್ಟ ಕಾಯ್ದೆ, ತಪ್ಪಾಗಿ ಹಿಡಿದಾಗ ಲೆಕ್ಕ ಕೇಳುವವರನ್ನೇ ಇಟ್ಟಿಲ್ಲ.

ಸಾಮಾನ್ಯ ಅಪರಾಧಗಳಲ್ಲಿ 60 ಇಲ್ಲವೇ 90 ದಿನದೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಆರೋಪಿಯ ಹಕ್ಕು. ಯುಎಪಿಎಯಲ್ಲಿ ನ್ಯಾಯಾಲಯ ಒಪ್ಪಿದರೆ ಈ ಅವಧಿ 180 ದಿನ. ಆಮೇಲೂ, ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. ಸುಪ್ರೀಂ ಕೋರ್ಟಿನ 2019ರ ವಟಾಲಿ ತೀರ್ಪು ಈ ಬಾಗಿಲನ್ನು ಇನ್ನಷ್ಟು ಬಿಗಿಮಾಡಿತು. ವಿಚಾರಣೆ ಮುಗಿಯುವ ಲಕ್ಷಣವೇ ಇಲ್ಲದಿದ್ದರೆ ಜಾಮೀನು ಕೊಡಬಹುದೆಂದು 2021ರಲ್ಲಿ ನಜೀಬ್ ಪ್ರಕರಣದಲ್ಲಿ, ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಲೇಬೇಕೆಂದು 2024ರಲ್ಲಿ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪುಗಳೇ. ಆದರೆ ಎರಡೂ ಒಳಗಿರುವವರನ್ನು ಹೊರತರುವ ದಾರಿಗಳು. ಒಳಗೆ ಹಾಕಿದವರನ್ನು ಪ್ರಶ್ನಿಸುವುದಿಲ್ಲ.

ಮುತೀಉರ್ ರೆಹಮಾನ್ ಸಿದ್ದೀಕಿ ‘ಡೆಕ್ಕನ್ ಹೆರಾಲ್ಡ್’ ವರದಿಗಾರರಾಗಿದ್ದರು. 2012ರ ಆಗಸ್ಟ್ 29ರಂದು, ಪತ್ರಕರ್ತರು ಮತ್ತು ಹಿಂದೂ ಮುಖಂಡರ ಹತ್ಯೆಯ ಸಂಚೆಂಬ ಆರೋಪದಲ್ಲಿ ಬೆಂಗಳೂರು ಪೊಲೀಸರು ಅವರನ್ನು ಹಿಡಿದರು. ಮಾಧ್ಯಮಗಳಲ್ಲಿ ಅವರು ‘ಮಾಸ್ಟರ್‌ಮೈಂಡ್’ ಆದರು. ಮುಂದಿನ ಫೆಬ್ರುವರಿಯಲ್ಲಿ ತನಿಖಾ ದಳ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಬಿಡುಗಡೆಯಾಯಿತು. ಲೆಕ್ಕ ಹಾಕಿದರೆ, ಕಾಯ್ದೆ ಕೊಟ್ಟ 180 ದಿನ ಹೆಚ್ಚುಕಡಿಮೆ ಪೂರ್ತಿ ಖರ್ಚಾಗಿತ್ತು. ಇದೇ ಪ್ರಕರಣದಲ್ಲಿ ಹಲವರು 2016ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆ ಅನುಭವಿಸಿದರು ಎಂಬುದನ್ನೂ ಮರೆಯಬಾರದು. ಸಂಚಿತ್ತು, ಅದರಲ್ಲಿ ಇಲ್ಲದವರೂ ಒಳಗಿದ್ದರು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮ್ಮ ಟಿ.ವಿ. ಚರ್ಚೆಗಳಿಗಿಲ್ಲ.

ಬೆಳ್ತಂಗಡಿಯ ಕುತ್ಲೂರಿನ ವಿಠಲ ಮಲೆಕುಡಿಯ ಅವರದು ಇನ್ನೂ ದೀರ್ಘ ಕಥೆ. ನಕ್ಸಲ್ ನಂಟಿನ ಆರೋಪದಲ್ಲಿ ತಂದೆಯ ಜೊತೆ 2012ರ ಮಾರ್ಚ್‌ನಲ್ಲಿ ಬಂಧನ. ಪತ್ರಿಕೋದ್ಯಮದ ವಿದ್ಯಾರ್ಥಿ ಕೈಕೋಳ ತೊಟ್ಟು ಪರೀಕ್ಷೆ ಬರೆದರು. ಸಾಕ್ಷ್ಯವಾಗಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಯ ತುಣುಕುಗಳು, ಊರಿಗೆ ಸೌಲಭ್ಯ ಸಿಗದಿದ್ದರೆ ಮತದಾನ ಬಹಿಷ್ಕಾರವೆಂಬ ಪತ್ರ. 2021ರ ಅಕ್ಟೋಬರ್‌ನಲ್ಲಿ ತಂದೆ, ಮಗ ಇಬ್ಬರೂ ಖುಲಾಸೆಯಾದರು. ಒಂಬತ್ತೂವರೆ ವರ್ಷ!

ಈ ಎರಡರ ಪಕ್ಕದಲ್ಲಿ ಮೂಡಿಗೆರೆ ಮೂಲದ ವೈದ್ಯ ಮೊಹಮ್ಮದ್ ಹನೀಫ್ ಅವರ ಪ್ರಕರಣ ಇಡಬೇಕು. ಗ್ಲಾಸ್ಗೊ ವಿಮಾನ ನಿಲ್ದಾಣದ ದಾಳಿಯ ಎರಡು ದಿನಗಳ ನಂತರ, 2007ರ ಜುಲೈ 2ರಂದು, ಹಸುಗೂಸು ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದ ಅವರನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಹಿಡಿದರು. ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡರು. ಅವರು ಬಂಧುವಿಗೆ ಕೊಟ್ಟಿದ್ದ ಸಿಮ್ ಕಾರ್ಡ್ ದಾಳಿಯ ಜೀಪಿನಲ್ಲಿ ಸಿಕ್ಕಿತೆಂದು ಕೋರ್ಟಿಗೆ ಹೇಳಲಾಯಿತು. ಅದು ಸಿಕ್ಕಿದ್ದು ದೂರದ ಲಿವರ್‌ಪೂಲ್‌ನಲ್ಲಿ. ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟ ದಿನವೇ ಸಚಿವರು ವೀಸಾ ರದ್ದು ಮಾಡಿದರು. ಅಂದರೆ ಅಲ್ಲಿನ ಸರ್ಕಾರವೂ ಸಾಚಾ ಅಲ್ಲ. ಜುಲೈ 27ರಂದು ಆರೋಪ ಬಿದ್ದುಹೋಯಿತು. ನಿಜವಾದ ವ್ಯತ್ಯಾಸ ಶುರುವಾಗುವುದು ಆಮೇಲೆ. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ಅವರ ಆಯೋಗ ತನಿಖೆಯ ಒಂದೊಂದು ಎಡವಟ್ಟನ್ನೂ 2008ರಲ್ಲಿ ಬರೆದಿಟ್ಟಿತು. 2010ರಲ್ಲಿ ಪರಿಹಾರ ಕೊಟ್ಟರು. ಅದೇ ವರ್ಷ, ಆರೋಪವಿಲ್ಲದೆ ಇಟ್ಟುಕೊಳ್ಳುವ ಅವಧಿಯನ್ನು ಹಿಗ್ಗಿಸಿಕೊಳ್ಳುವ ಅವಕಾಶಕ್ಕೆ ಏಳು ದಿನದ ಮಿತಿ ಹಾಕಿದರು. ಭಯೋತ್ಪಾದನಾ ಕಾಯ್ದೆಗಳ ಮೇಲೆ ಕಣ್ಣಿಡಲು ಸ್ವತಂತ್ರ ಅಧಿಕಾರಿಯ ಹುದ್ದೆ ಸೃಷ್ಟಿಸಿದರು. ಇದರಿಂದ ಆಸ್ಟ್ರೇಲಿಯಾದ ಭದ್ರತೆ ಕುಸಿಯಲಿಲ್ಲ.

ಕುಸಿಯುವುದು ಲೆಕ್ಕ ಕೇಳದಿದ್ದಾಗ ಎಂದೇ ನನ್ನ ವಾದ. ಆರು ತಿಂಗಳು ಕೈಯಲ್ಲಿದ್ದರೆ ತನಿಖೆ ಸೋಮಾರಿಯಾಗುತ್ತದೆ; ಪುಸ್ತಕವೂ ಸಾಕ್ಷ್ಯವಾಗುತ್ತದೆ. ಬೆಂಗಳೂರಿನ 2008ರ ಸರಣಿ ಸ್ಫೋಟದ ವಿಚಾರಣೆ 2023ರಲ್ಲೂ ಮುಗಿದಿರಲಿಲ್ಲ. ಆರೋಪಿಗಷ್ಟೇ ಅಲ್ಲ, ಸತ್ತವರ ಮನೆಯವರಿಗೂ ಅದು ಅನ್ಯಾಯ. ಇನ್ನು ನಮ್ಮ ಭಾಗದವರಿಗೆ ದೂರವೂ ಒಂದು ಶಿಕ್ಷೆ. ರಾಷ್ಟ್ರೀಯ ತನಿಖಾ ದಳದ ಪ್ರಕರಣಗಳು ನಡೆಯುವುದು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ. ಕಂಪ್ಲಿಯ ಒಂದು ಬಡ ಕುಟುಂಬ ಮಗನ ಮುಖ ನೋಡಲು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಪರಪ್ಪನ ಅಗ್ರಹಾರದ ಜೈಲಿಗೆ ಹೋಗಬೇಕು. ಬಳ್ಳಾರಿಯಲ್ಲೇ ವಿಶೇಷ ನ್ಯಾಯಾಲಯ ಕೂರಿಸಿದರೆ ದೇಶಕ್ಕೇನು ನಷ್ಟ?

ತಪ್ಪಾಗಿ ಮೊಕದ್ದಮೆ ಎದುರಿಸಿದವರಿಗೆ ಸರ್ಕಾರವೇ ಪರಿಹಾರ ಕೊಡುವ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆಧಾರವಿಲ್ಲದೆ ಬಂಧನಕ್ಕೊಳಗಾದವರಿಗೆ ಸಂಹಿತೆಯ 399ನೇ ಕಲಂ ಗೊತ್ತುಮಾಡಿರುವ ಪರಿಹಾರ ಹೆಚ್ಚೆಂದರೆ 1000 ರೂಪಾಯಿ. ಅದನ್ನೂ ಕೊಡಬೇಕಾದವರು ಬಂಧನಕ್ಕೆ ಕಾರಣರಾದ ದೂರುದಾರರು, ಪೊಲೀಸರಲ್ಲ.