ಪುಟ್ಟ ಮೈಕಿನ ದೊಡ್ಡ ಕೆಲಸ

ವಿದ್ಯಾರ್ಥಿಗಳು ತೆಗೆಯುವ ಸಾಕ್ಷ್ಯಚಿತ್ರದ ಹಿರಿಮೆ ಇರುವುದು ಕೇಳಿಸಿಕೊಳ್ಳುವ ತಾಳ್ಮೆಯಲ್ಲಿ. ಬೀದರ್ ಜಿಲ್ಲೆಯ ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಗ್ರಾಮ ಅದಕ್ಕೆ ತಕ್ಕ ಒರೆಗಲ್ಲು. 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರ ಪಡೆ ಅಲ್ಲಿ ನಡೆಸಿದ ಹತ್ಯಾಕಾಂಡದ ಸ್ಮಾರಕ 2023ರಲ್ಲಿ ಉದ್ಘಾಟನೆಯಾಯಿತು. ಆದರೆ ಕಲ್ಲು ದನಿಯನ್ನು ಕಾಪಿಡಲಾರದು. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಅಂಗಿಗೆ ಸಿಕ್ಕಿಸಿದ ಪುಟ್ಟ ಮೈಕು ಮಾತನ್ನಷ್ಟೇ ಅಲ್ಲ, ಮಾತು ನಿಂತಾಗಿನ ಉಸಿರನ್ನೂ ಹಿಡಿಯುತ್ತದೆ. ನೆನಪು ಇತಿಹಾಸವಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕೇ ಒಂದೇ ಘಟನೆಯನ್ನು ಹಲವರ ಬಾಯಿಂದ ಕೇಳಿ, ದಾಖಲೆಯ ಪಕ್ಕ ಇಟ್ಟು ನೋಡುವುದು ಸಂಕಲನದ ಕೆಲಸ. ಸಮಯವಿಲ್ಲ, ಹಣವಿಲ್ಲ ಎನ್ನುವವರು ಚಿದಾನಂದ ನಾಯ್ಕ್ ಅವರನ್ನು ನೆನೆಯಲಿ: ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ವಿದ್ಯಾರ್ಥಿಯಾಗಿ ನಾಲ್ಕೇ ದಿನ ಚಿತ್ರೀಕರಿಸಿದ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಗೆದ್ದಿತು. ಅದು ಕಥಾಚಿತ್ರ, ನಿಜ. ಸಾಕ್ಷ್ಯಚಿತ್ರಕ್ಕೆ ನಟರೂ ಬೇಡ. ಬೀದರ್ ಜಿಲ್ಲೆಯ ಕಾಲೇಜುಗಳು ಈ ವರ್ಷವೇ ಮೈಕು ಹಿಡಿಯಲಿ.