ಕೃತಕ ಪರಿಸರ ಮತ್ತು ನಿಜವಾದ ಹೆಜ್ಜೆ: ಒಂದು ವಿಮರ್ಶೆ

ಯಂತ್ರಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಯಂತ್ರದ ಶಕ್ತಿಯನ್ನು ಅಳೆಯುತ್ತಾರೆಯೇ ಹೊರತು, ಅದನ್ನು ಬಳಸುವವನು ನಿಂತ ನೆಲವನ್ನು ಅಳೆಯುವುದಿಲ್ಲ. ನಡಿಗೆಯನ್ನು ಮರಳಿ ಕಲಿಸಲೆಂದು ಕಾಲಿಗೆ ತೊಡಿಸುವ ರೋಬೋಟುಗಳ ವಿಷಯದಲ್ಲಿ ಈ ಕೊರತೆ ವಿಶೇಷವಾಗಿ ಕಾಣುತ್ತದೆ.

1960ರ ದಶಕದ ಕೊನೆಯಿಂದ ಬೆಲ್‌ಗ್ರೇಡಿನ ಮಿಹಾಯ್ಲೊ ಪೂಪಿನ್ ಸಂಸ್ಥೆಯಲ್ಲಿ ವುಕೊಬ್ರಾತೊವಿಚ್ ಮತ್ತು ಅವರ ಸಂಗಡಿಗರು ಕಾಲಿನ ಸ್ವಾಧೀನ ತಪ್ಪಿದವರಿಗಾಗಿ ಇಂತಹ ಯಂತ್ರಗಳನ್ನು ರಚಿಸಿದರು. ಅನಂತರ ಬಂದ ಸ್ವಿಟ್ಜರ್ಲೆಂಡಿನ ಲೋಕೋಮ್ಯಾಟ್, ತನ್ನ ಮೊದಲಿನ ರೂಪದಲ್ಲಿ, ಚಲಿಸುವ ಪಟ್ಟಿಯ ಮೇಲೆ ರೋಗಿಯ ಕಾಲನ್ನು ಗೊತ್ತುಪಡಿಸಿದ ಪಥದಲ್ಲಿಯೇ ಸಾಗಿಸಿತು. ಹೆಜ್ಜೆ ಯಂತ್ರದ್ದು, ಮನುಷ್ಯನು ಅದರ ಹಿಂಬಾಲಕ. ಪಾರ್ಶ್ವವಾಯುವಿನ ಅನಂತರವೂ ಅಷ್ಟಿಷ್ಟು ನಡೆಯಬಲ್ಲವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಯಂತ್ರಕ್ಕಿಂತ ಚಿಕಿತ್ಸಕರ ಕೈಯ ನೆರವೇ ನಡಿಗೆಯ ವೇಗವನ್ನು ಹೆಚ್ಚಿಸಿತು.

ಇತ್ತೀಚಿನ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿ ಯಂತ್ರವು ಹೆಜ್ಜೆಯನ್ನು ಇಡಿಸುವುದಿಲ್ಲ, ಪರಿಸರವನ್ನು ಅನುಕರಿಸುತ್ತದೆ. ಕೀಲುಗಳ ಕೋನವನ್ನೂ ವೇಗವನ್ನೂ ಅಳೆದು, ವೇಗ ಹೆಚ್ಚಿದಂತೆ ಮೋಟಾರು ಪ್ರತಿರೋಧವನ್ನು ಹೆಚ್ಚಿಸಿದರೆ, ಒಣನೆಲದಲ್ಲಿಯೇ ನೀರಿನಲ್ಲಿ ನಡೆದಂತಾಗುತ್ತದೆ. ಕಾಲಿನ ಭಾರವನ್ನು ಅದು ಹೊತ್ತರೆ ಗುರುತ್ವವೇ ಕಡಮೆಯಾದಂತೆ ತೋರುತ್ತದೆ. ಹೆಜ್ಜೆಯಿಡುವ ಯತ್ನ ರೋಗಿಗೇ ಉಳಿಯುವುದರಿಂದ ಇದು ನಿಜವಾದ ಮುನ್ನಡೆ.

ಆದರೆ ಅನುಕರಣೆಗೆ ಮಿತಿಯುಂಟು. ಎದೆಮಟ್ಟದ ನೀರು ಇಡೀ ದೇಹವನ್ನು ಎತ್ತಿಹಿಡಿಯುತ್ತದೆ, ಬೀಳುವವನನ್ನು ನಿಧಾನವಾಗಿ ಬೀಳಿಸುತ್ತದೆ. ಸೊಂಟ ಮೊಣಕಾಲುಗಳ ಮೋಟಾರಿಗೆ ಆ ಗುಣವಿಲ್ಲ. ಅಲ್ಲದೆ, ಅನುಕರಿಸಬೇಕಾದುದು ಯಾವ ಪರಿಸರವನ್ನು? ದೊಡ್ಡಬಳ್ಳಾಪುರದ ನೇಕಾರನು ವಿದ್ಯುತ್ ಮಗ್ಗಗಳ ನಡುವಣ ಇಕ್ಕಟ್ಟಿನಲ್ಲಿ ಗಂಟೆಗಟ್ಟಲೆ ನಿಂತು ಅಡ್ಡಾಡಬೇಕು. ಹೊಸಕೋಟೆಯ ಕಡೆಯ ರೈತಳು ರಾಗಿಹೊಲದ ಬದುವಿನ ಮೇಲೆ ನಡೆಯಬೇಕು, ಕಳೆ ಕೀಳಲು ಕುಕ್ಕರಗಾಲಿನಲ್ಲಿ ಕೂರಬೇಕು, ಹೊಸ್ತಿಲು ದಾಟಬೇಕು. ಸಮತಟ್ಟಾದ ಪಟ್ಟಿಯ ಮೇಲೆ ಗಳಿಸಿದ ವೇಗ ಇವಕ್ಕೆಲ್ಲ ಸಾಲದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಪುನಶ್ಚೇತನಕ್ಕೆಂದೇ ವಿಭಾಗವಿದೆ. ಆದರೆ ದಿನಗೂಲಿ ಬಿಟ್ಟು ವಾರಗಟ್ಟಲೆ ಅಲ್ಲಿಗೆ ಓಡಾಡುವುದು ಹಳ್ಳಿಯವರಿಗೆ ಸುಲಭವಲ್ಲ. 2011ರಲ್ಲಿ ಪ್ರಕಟವಾದ, 408 ಮಂದಿ ಪಾರ್ಶ್ವವಾಯು ಪೀಡಿತರ ಅಮೆರಿಕದ ಪರೀಕ್ಷೆ ಇಲ್ಲಿ ಸ್ಮರಣೀಯ: ಭಾರವನ್ನು ತಗ್ಗಿಸಿ ಚಲಿಸುವ ಪಟ್ಟಿಯ ಮೇಲೆ ನೀಡಿದ ಶಿಕ್ಷಣವು, ಚಿಕಿತ್ಸಕರು ಮನೆಯಲ್ಲಿಯೇ ಮಾಡಿಸಿದ ವ್ಯಾಯಾಮಕ್ಕಿಂತ ಮೇಲೆನಿಸಲಿಲ್ಲ. ಇದರಿಂದ ಯಂತ್ರ ವ್ಯರ್ಥವೆಂದು ತೀರ್ಮಾನಿಸಲಾಗದು. ಸ್ವಂತ ಬಲದಿಂದ ಎದ್ದು ನಡೆಯಲಾಗದವರಿಗೆ, ಮೊದಲ ತಿಂಗಳುಗಳಲ್ಲಿ, ಅಂಗಮರ್ದನ ವ್ಯಾಯಾಮಾದಿಗಳೊಡನೆ ಯಂತ್ರವೂ ಕೂಡಿದರೆ ಹೆಚ್ಚು ಪ್ರಯೋಜನವೆಂಬುದಕ್ಕೆ ಆಧಾರಗಳಿವೆ.

ಆದುದರಿಂದ ನಮ್ಮ ಪ್ರಶ್ನೆ ಯಂತ್ರ ಬೇಕೆ ಬೇಡವೆ ಎಂಬುದಲ್ಲ. ಅದು ಯಾರ ನೆಲವನ್ನು ಅನುಕರಿಸುತ್ತಿದೆ ಎಂಬುದು. ಬದುವಿನ ಅಗಲ, ಹೊಸ್ತಿಲಿನ ಎತ್ತರಗಳನ್ನು ಮೊದಲು ಅಳೆದು ಆಮೇಲೆ ಮೋಟಾರಿಗೆ ಪಾಠ ಹೇಳಿದಲ್ಲಿ, ಈ ವಿದ್ಯೆ ನಮ್ಮ ಜನಕ್ಕೆ ದಕ್ಕೀತು.