ಗ್ಲಾಸಿನ ಮೇಲಿಟ್ಟ ಕೈ

‘ನಮ್ಮೂರಿನ ಬಾರುಗಳೆಲ್ಲ ಗೇ ಬಾರುಗಳೇ ಕಣೋ, ಓನರ್‌ಗೆ ಗೊತ್ತಿಲ್ಲ ಅಷ್ಟೆ.’

ಕೆ.ಆರ್. ನಗರದ ಗೆಳೆಯ ಹೀಗಂದಾಗ ನಾವು ಹುಣಸೂರಿನ ಬಾರೊಂದರ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದೆವು. ಅವನ ಪಕ್ಕದಲ್ಲಿ ಅವನ ಜೊತೆಗಾರ. ಇಬ್ಬರದೂ ಹತ್ತು ವರ್ಷಕ್ಕೂ ಮೀರಿದ ಸಂಬಂಧ; ಮನೆಯವರ ಲೆಕ್ಕದಲ್ಲಿ ಮಾತ್ರ ‘ಒಂದೇ ರೂಮಿನ ಹುಡುಗರು’. ತಂಬಾಕು ಹರಾಜಿನ ದಿನಗಳು. ಕಟ್ಟೆಮಳಲವಾಡಿಯ ಮಾರುಕಟ್ಟೆಯಲ್ಲಿ ಬೇಲು ಮಾರಿ ಬಂದ ರೈತರಿಂದ ಬಾರು ತುಂಬಿತ್ತು. ನಮ್ಮ ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಯಜಮಾನರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಅಳುತ್ತಿದ್ದರು. ಕೆಜಿಗೆ ಬಂದ ರೇಟು ಕೇಳಿಯೋ, ಮಗಳ ಮದುವೆ ನೆನೆದೋ, ತಿಳಿಯಲಿಲ್ಲ. ಒಬ್ಬರು ಇನ್ನೊಬ್ಬರ ಬಾಯಿಗೆ ಲಿವರ್ ಫ್ರೈ ಇಡುತ್ತಿದ್ದರು. ಸಪ್ಲೈಯರ್ ಅವರತ್ತ ತಿರುಗಿಯೂ ನೋಡಲಿಲ್ಲ. ಗೆಳೆಯನ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಊಟದ ರುಚಿಗೆ, ಸರ್ವಿಸ್ಸಿಗೆ, ಬಚ್ಚಲು ಎಷ್ಟು ಚೊಕ್ಕಟವಾಗಿದೆ ಎಂಬುದಕ್ಕೆ ನಾವು ಹೋಟೆಲುಗಳಿಗೆ ಹೆಸರು ಕೊಡುತ್ತೇವೆ. ‘ಗೇ ಫ್ರೆಂಡ್ಲಿ’ ಎಂಬ ಹೆಸರು ಹೇಗೆ ಬರುತ್ತದೆ? ಬೆಂಗಳೂರಿನಲ್ಲಿ ಅದಕ್ಕೆ ಬಾಗಿಲಿಗೊಂದು ಕಾಮನಬಿಲ್ಲಿನ ಬಾವುಟ ಸಾಕು. ಹುಣಸೂರಿನ ಸುತ್ತಲ ನಮ್ಮ ತಾಲ್ಲೂಕುಗಳಲ್ಲಿ ಬಾವುಟವಿಲ್ಲ, ಹೆಸರೂ ಇಲ್ಲ. ಇರುವುದು ಒಂದು ವಾಡಿಕೆ, ಮತ್ತು ಆ ವಾಡಿಕೆ ಗಂಡಸರಿಗಾಗಿ ಗಂಡಸರು ಮಾಡಿಕೊಂಡದ್ದು. ಎಂಟು ಗಂಟೆಯ ಮೇಲೆ ಬಾರಿಗೆ ಬರುವವರೆಲ್ಲ ಗಂಡಸರು. ಇಬ್ಬರು ಗಂಡಸರು ಮುಚ್ಚುವ ಹೊತ್ತಿನವರೆಗೂ ಒಂದೇ ತಟ್ಟೆಯಿಂದ ನೆಂಜಿಕೊಂಡು ಕೂತರೆ ಅದು ಸ್ನೇಹ. ಲಾಡ್ಜಿಗೆ ಹೋಗಿ ಒಂದು ಮಂಚದ ರೂಮು ಕೇಳಿದರೆ ಅದು ಉಳಿತಾಯ. ಗಂಡು ಹೆಣ್ಣು ಹೋದರೆ ತಾಳಿ ಎಲ್ಲಿ ಎಂದು ಕತ್ತು ನೋಡುವ ಮ್ಯಾನೇಜರ್, ಇಬ್ಬರು ಗಂಡಸರಿಗೆ ಕಣ್ಣೆತ್ತದೆ ಬೀಗದ ಕೈ ಕೊಡುತ್ತಾನೆ. ನೀತಿ ಕಾಯುವವರು ಕಾವಲಿಗೆ ನಿಂತಿರುವುದು ಒಂದೇ ಬಾಗಿಲಲ್ಲಿ.

ಹಾಗಾದರೆ ಗೆಳೆಯನ ಮಾತು ನಿಜವೇ? ಅರ್ಧ ನಿಜ. ಉಳಿದರ್ಧ ಏನೆಂದು ನನಗೆ ತಿಳಿದದ್ದು ಹುಣಸೂರಿನ ಹೆದ್ದಾರಿಯ ಇನ್ನೊಂದು ಬಾರಿನಲ್ಲಿ, ಇದಾದ ಕೆಲವು ತಿಂಗಳಿಗೆ. ಒಬ್ಬ ಬಂದ. ಪ್ಯಾಂಟು ಶರಟೇ ಹಾಕಿದ್ದ. ಆದರೆ ನಡಿಗೆಯಲ್ಲಿ, ಮಾತಿಗೆ ಮುಂಚೆ ಏಳುವ ಕೈಯಲ್ಲಿ, ಕಣ್ಣಿನ ತೆಳು ಕಾಡಿಗೆಯಲ್ಲಿ ಅವನು ಯಾರೆಂದು ಎಲ್ಲರಿಗೂ ತಿಳಿಯುವಂತಿತ್ತು. ಆ ಸಮುದಾಯದವರು ತಮ್ಮೊಳಗೆ ‘ಕೋತಿ’ ಎಂದು ಕರೆದುಕೊಳ್ಳುವ ಪೈಕಿ. ಫ್ಯಾನಿನ ಕೆಳಗಿನ ಖಾಲಿ ಕುರ್ಚಿಯಲ್ಲಿ ಕೂತ. ಸಪ್ಲೈಯರ್ ಬಂದವನು ಟೇಬಲ್ ಒರೆಸಲಿಲ್ಲ, ನೀರಿಡಲಿಲ್ಲ. ‘ಪಾರ್ಸಲ್ ಬೇಕಾದ್ರೆ ಆ ಕಡೆ ಕೌಂಟ್ರು’ ಅಂದ. ನನ್ನನ್ನು ‘ಸಾ’ ಅಂದಿದ್ದ, ಪಕ್ಕದ ಟೇಬಲ್ಲಿನವರನ್ನು ‘ಅಣ್ಣ’ ಅಂದಿದ್ದ. ಇವನನ್ನು ಏನೂ ಅನ್ನಲಿಲ್ಲ. ನಮ್ಮ ಕಡೆ ಅಪರಿಚಿತರನ್ನೂ ಅಣ್ಣ, ಅಕ್ಕ, ಯಜಮಾನ್ರೆ ಅನ್ನದೆ ಮಾತು ಶುರುವಾಗುವುದಿಲ್ಲ. ಕರೆಯುವ ಪದವನ್ನೇ ಬಿಟ್ಟು ಮಾತಾಡಿಸುವುದು ಬೈಗುಳಕ್ಕಿಂತ ಕಡಿಮೆಯದೇನಲ್ಲ. ಹಿಂದಿನ ಟೇಬಲ್ಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ ನಕ್ಕರು. ಅವನು ಎದ್ದು ಹೋದ. ನಾನು ಎದ್ದು ನಿಲ್ಲಲಿಲ್ಲ, ಏನೂ ಹೇಳಲಿಲ್ಲ. ಬಾರಿನ ವಿಮರ್ಶೆ ಬರೆಯುವಾಗ ಗಿರಾಕಿಯ ವಿಮರ್ಶೆಯೂ ಸೇರಬೇಕಲ್ಲ.

ಹೀಗಾಗಿ ನಮ್ಮ ಬಾರುಗಳದ್ದು ಸ್ನೇಹವಲ್ಲ, ಗಮನವಿಲ್ಲದಿರುವಿಕೆ. ಮೀಸೆ ಇದ್ದು, ದನಿ ಗಡುಸಾಗಿದ್ದು, ಬಾಯಿ ಮುಚ್ಚಿಕೊಂಡಿದ್ದರೆ ಜಾಗವುಂಟು. ಕಂಡರೆ ಇಲ್ಲ, ಹೇಳಿದರೆ ಇಲ್ಲ. ಹೆಣ್ಣುಮಕ್ಕಳಿಬ್ಬರಿಗಂತೂ ಮೊದಲಿಂದಲೂ ಇಲ್ಲ.

ಇದು ನಮ್ಮ ಹಳ್ಳಿತನದ ದೋಷವೆಂದು ಯಾರಾದರೂ ಅಂದರೆ ಅವರಿಗೆ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಜೂಲಿಯಸ್ ಬಾರಿನ ಕಥೆ ಹೇಳಬೇಕು. ಅದೂ ನೆರೆಹೊರೆಯ ಬಾರೇ, ಬರ್ಗರಿಗೆ ಹೆಸರಾದದ್ದು. ಗೇ ಗಂಡಸರು ಅಲ್ಲಿಗೆ ವರ್ಷಗಟ್ಟಲೆ ಬರುತ್ತಿದ್ದರು. ಮಾಲೀಕರಿಗೆ ಗೊತ್ತಿತ್ತು, ಗೊತ್ತಿಲ್ಲದಂತಿದ್ದರು. 1966ರ ಏಪ್ರಿಲ್ 21ರಂದು ಮ್ಯಾಟಶೀನ್ ಸೊಸೈಟಿ ಎಂಬ ಸಂಘದ ಕೆಲವರು ಸೂಟು ಟೈ ಕಟ್ಟಿಕೊಂಡು, ಪತ್ರಕರ್ತರನ್ನೂ ಕರೆದುಕೊಂಡು ಹೋಗಿ, ನಾವು ಸಲಿಂಗಿಗಳು, ಕುಡಿಯಲು ಕೊಡಿ ಎಂದು ಬಾಯಿಬಿಟ್ಟು ಕೇಳಿದರು. ಬಾರಿನವನು ಗ್ಲಾಸಿನ ಮೇಲೆ ಅಂಗೈ ಮುಚ್ಚಿದ. ಆ ಫೋಟೊ ಇವತ್ತಿಗೂ ಪ್ರಸಿದ್ಧ. ಹೇಳದಿದ್ದಾಗ ಗ್ಲಾಸು ತುಂಬುತ್ತಿದ್ದ ಕೈಯೇ ಹೇಳಿದ ಕೂಡಲೇ ಗ್ಲಾಸಿನ ಬಾಯಿ ಮುಚ್ಚಿತು. ಲೈಸೆನ್ಸು ಹೋದೀತೆಂಬ ಭಯ ಅವನದು. ನಮ್ಮ ಹೆದ್ದಾರಿ ಬಾರಿನ ಸಪ್ಲೈಯರ್‌ಗೆ ಆ ಭಯವೂ ಇಲ್ಲ. ಬಾರಿನ ಸಿಎಲ್-9 ಲೈಸೆನ್ಸಿಗೂ ಗಿರಾಕಿಯ ಕಣ್ಕಾಡಿಗೆಗೂ ಸಂಬಂಧವಿಲ್ಲ. ಅವನು ಹೆದರಿದ್ದು ಉಳಿದ ಗಿರಾಕಿಗಳ ನಗುವಿಗೆ.

ಬೆಂಗಳೂರಿನ ಉತ್ತರ ಬೇರೆ. ಕುಮಾರಕೃಪಾ ರಸ್ತೆಯ ಲಲಿತ್ ಅಶೋಕ್ ಹೋಟೆಲಿನ ಕಿಟ್ಟಿ ಕೋದಲ್ಲಿ ಡ್ರ್ಯಾಗ್ ಪ್ರದರ್ಶನಗಳಾಗಿವೆ. ಗಂಡಸರು ಸೀರೆ ಗೌನು ತೊಟ್ಟು ಕುಣಿದಿದ್ದಾರೆ, ಜನ ದುಡ್ಡು ಕೊಟ್ಟು ನೋಡಿದ್ದಾರೆ. ಆ ಹೋಟೆಲು ಬಳಗದ ಕೇಶವ್ ಸೂರಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ನಿನ ವಿರುದ್ಧ 2018ರಲ್ಲಿ ಸ್ವತಃ ಸುಪ್ರೀಂ ಕೋರ್ಟಿಗೆ ಹೋದವರು. ಅದೇ ವರ್ಷ ಸೆಪ್ಟೆಂಬರ್ 6ರಂದು ತೀರ್ಪು ಬಂತು. ಇದನ್ನು ಬರೀ ವ್ಯಾಪಾರವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ವ್ಯಾಪಾರಿಯೊಬ್ಬ ತನ್ನ ಹೆಸರು ಹಾಕಿ ಕೋರ್ಟಿನಲ್ಲಿ ನಿಲ್ಲುವುದು ಸಣ್ಣ ಮಾತಲ್ಲ. ಆದರೂ ಐಷಾರಾಮಿ ಹೋಟೆಲಿನ ಗೌರವಕ್ಕೆ ಐಷಾರಾಮಿ ಹೋಟೆಲಿನದೇ ಬಿಲ್ಲು. ಪಾರ್ಸಲ್ ಕೌಂಟರಿಗೆ ಕಳಿಸಲ್ಪಟ್ಟ ಆ ಹುಡುಗ ಒಂದು ಸಂಜೆ ಅಲ್ಲಿ ಕೂರಬೇಕೆಂದರೆ ಎಷ್ಟು ದಿನದ ಕೂಲಿ ಕೂಡಿಡಬೇಕೋ. ಗಮನಿಸದಿರುವುದನ್ನು ನಮ್ಮೂರು ಪುಕ್ಕಟೆ ಕೊಡುತ್ತದೆ. ಗಮನಿಸಿ ಗೌರವಿಸುವುದಕ್ಕೆ ಬೆಂಗಳೂರಿನಲ್ಲಿ ಜಿಎಸ್‌ಟಿ ಸೇರಿಸಿ ಕೊಡಬೇಕು.

ಇವೆರಡರ ನಡುವೆ ಮೂರನೆಯದೊಂದು ಮೈಸೂರಿನಲ್ಲೇ ನಡೆದಿತ್ತು. ಅದನ್ನು ನಾವು ಮರೆತಿದ್ದೇವೆ ಎಂಬುದೇ ನನ್ನ ದೊಡ್ಡ ತಕರಾರು. ಆಶೋದಯ ಸಮಿತಿ ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಸಂಘಟನೆ. ಹೆಂಗಸರು, ಗಂಡಸರು, ಮಂಗಳಮುಖಿಯರು ಮೂವರೂ ಒಂದೇ ಸದಸ್ಯಪಟ್ಟಿಯಲ್ಲಿ. ಎಚ್‌ಐವಿ ತಡೆಯ ಕೆಲಸದಲ್ಲಿ ಬೆಳೆದ ಈ ಸಂಘ, ಕಳಂಕ ತೊಡೆಯುವ ಹೊಸ ಯೋಚನೆಗಳಿಗಾಗಿ ವಿಶ್ವಬ್ಯಾಂಕು 2008ರಲ್ಲಿ ನಡೆಸಿದ ಸ್ಪರ್ಧೆಯಲ್ಲಿ ಗೆದ್ದು, ಆ ಹಣದಲ್ಲಿ ಹೋಟೆಲು ತೆರೆಯಿತು. ಬಾರಲ್ಲ, ಊಟದ ಹೋಟೆಲು. ಯಾರ ತಟ್ಟೆಯನ್ನು ಬೇರೆ ಇಡುತ್ತಿದ್ದರೋ ಅವರೇ ಎಲ್ಲರ ತಟ್ಟೆಗೆ ಬಡಿಸುವವರಾದರು. ಸೆಮಿನಾರು ಮಾಡಿ ‘ನಮ್ಮನ್ನು ಗೌರವಿಸಿ’ ಎಂದು ಬೇಡುವುದಕ್ಕಿಂತ ಇದು ಎಷ್ಟೋ ಜಾಣತನದ್ದು. ಹಸಿದವನು ಸಾರು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಬೇಕಾಗುತ್ತದೆ; ಸಾರು ಬಡಿಸಿದ ಕೈ ಯಾರದೆಂಬುದು ಆಮೇಲಿನ ಮಾತಾಗುತ್ತದೆ.

ಈ ಉಪಾಯ ಇಲ್ಲಿಯವರಿಗೆ ಅಪರಿಚಿತವೇನಲ್ಲ. ಕರ್ನಾಟಕದಲ್ಲಿ ಜಾತಿಯ ಜಗಳ ನಡೆದದ್ದು ಮುಖ್ಯವಾಗಿ ಕೆರೆ, ಗುಡಿ ಮತ್ತು ಹೋಟೆಲಿನಲ್ಲಿ. ಬ್ರಾಹ್ಮಣರಿಗೆ ಬೇರೆ ಪಂಕ್ತಿಯಿದ್ದ ಕಾಫಿ ಹೋಟೆಲು, ದಲಿತರಿಗೆ ಹೊರಗಿಟ್ಟ ಲೋಟ, ಇವನ್ನು ನಮ್ಮ ಅಜ್ಜಂದಿರು ನೋಡಿದ್ದಾರೆ. ಅದಕ್ಕೇ ಸಂವಿಧಾನ ಬರೆದವರು 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳನ್ನು ಹೆಸರಿಸಿಯೇ ಬರೆದರು: ಧರ್ಮ, ಜಾತಿ, ಲಿಂಗ, ಹುಟ್ಟೂರಿನ ಕಾರಣಕ್ಕೆ ಯಾರನ್ನೂ ಒಳಗೆ ಬಿಡದಿರುವಂತಿಲ್ಲ. 2018ರ ತೀರ್ಪು ‘ಲಿಂಗ’ ಎಂಬ ಪದದೊಳಗೆ ಲೈಂಗಿಕ ಒಲವೂ ಸೇರುತ್ತದೆ ಎಂದು ಓದಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆಯ 3ನೇ ಸೆಕ್ಷನ್ ಬೇರೆಯೇ ಇದೆ. ‘ಆ ಕಡೆ ಕೌಂಟ್ರು’ ಎಂಬ ಮಾತು ಹೊರಗಿಟ್ಟ ಲೋಟದ ಮೊಮ್ಮಗು.

ಈಗ ನಮ್ಮ ಬಾರುಗಳ ಬೋರ್ಡಿಗೆ ಬರುತ್ತೇನೆ. ‘ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್.’ ‘ಬಾರ್’ ಕಳೆಯುವ ಮಾನವನ್ನು ‘ಫ್ಯಾಮಿಲಿ’ ತುಂಬಿಕೊಡಲಿ ಎಂದು ಬರೆಸಿದ್ದು. ಒಳಗೆ ಪ್ಲೈವುಡ್ ಗೋಡೆಯ ‘ಫ್ಯಾಮಿಲಿ ರೂಮ್’, ಅದಕ್ಕೊಂದು ಜಿಡ್ಡು ಹಿಡಿದ ಪರದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸಲಿಂಗಿಗಳ ಮದುವೆಗೆ ಮಾನ್ಯತೆ ಕೊಡಲು ಒಪ್ಪದ ಮರುವಾರ ನನ್ನ ಗೆಳೆಯ ಹಟಕ್ಕೆ ಬಿದ್ದು ಜೊತೆಗಾರನೊಂದಿಗೆ ಹುಣಸೂರಿನ ಅದೇ ಬಾರಿಗೆ ಹೋಗಿ ಫ್ಯಾಮಿಲಿ ರೂಮೇ ಬೇಕು ಅಂದನಂತೆ. ‘ಲೇಡೀಸ್ ಎಲ್ಲಿ ಸಾ?’ ಎಂದು ಸಪ್ಲೈಯರ್ ಕೇಳಿದ. ‘ಬರ್ತಾರೆ’ ಅಂದು ಇಬ್ಬರೂ ಒಳಗೆ ಕೂತು, ಚಿಲ್ಲಿ ಚಿಕನ್ ತಿಂದು, ಟಿಪ್ಸ್ ಇಟ್ಟು ಬಂದರಂತೆ. ಬಾರದ ಆ ಲೇಡೀಸಿಗೆ ಹಾಕಿಟ್ಟಿದ್ದ ಕುರ್ಚಿಯ ಮೇಲೆ ಹೆಲ್ಮೆಟ್ ಇಟ್ಟಿದ್ದೆವು ಎಂದು ನಕ್ಕ. ನನಗೆ ಪೂರ್ತಿ ನಗು ಬರಲಿಲ್ಲ.

ಎಚ್.ಡಿ. ಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೊಂದು ಮುದ್ದೆ ಹೋಟೆಲಿದೆ. ಬೋರ್ಡಿಲ್ಲ, ಬೆಂಚು ನಾಲ್ಕು, ಗಲ್ಲಾ ಎಂದರೆ ಒಂದು ಬಿಸ್ಕತ್ತಿನ ಡಬ್ಬ. ಕಬಿನಿಯ ರೆಸಾರ್ಟುಗಳಿಗೆ ಹೋಗುವ ಕಾರುಗಳು ಇದರ ಹತ್ತಿರ ನಿಲ್ಲುವುದಿಲ್ಲ. ಸೊಪ್ಪಿನ ಸಾರಿಗೆ ಉಪ್ಪು ಸ್ವಲ್ಪ ಮುಂದು, ಕೋಳಿ ಸಾರು ಎರಡು ಗಂಟೆಗೇ ಮುಗಿದುಹೋಗುತ್ತದೆ. ಮೊನ್ನೆ ನಾನು ಉಣ್ಣುತ್ತಿದ್ದಾಗ ಸಂತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಕಾಸು ಕೇಳಿ ಬಂದ ಮಂಗಳಮುಖಿಯೊಬ್ಬರು ಚೀಲ ಕೆಳಗಿಟ್ಟು ನನ್ನೆದುರಿನ ಬೆಂಚಿನಲ್ಲಿ ಕೂತರು. ಹೋಟೆಲಿನಾಕೆ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಕೂಗಿದಳು:

‘ಅಕ್ಕ, ಮುದ್ದೆ ಒಂದಾ ಎರಡಾ?’